ಎನ್‌ಕ್ರಿಪ್ಟ್ ಮಾಡಿದ ದಾಖಲೆಯಲ್ಲಿ ಹುಡುಕಾಟ: ಕೀ ಇಲ್ಲದ ಸರ್ವರ್‌ಗೂ ಏನೇನು ಗೊತ್ತಾಗುತ್ತೆ?

ಪ್ರಶ್ನೆ: ನಮಸ್ಕಾರ ಮೇಡಂ. ಶಿವಮೊಗ್ಗದಲ್ಲಿ ಚಿಕ್ಕದೊಂದು ಸಾಫ್ಟ್‌ವೇರ್ ಕಂಪನಿ ನಡೆಸುತ್ತಿದ್ದೇನೆ. ಸಾಗರ, ತೀರ್ಥಹಳ್ಳಿ, ಹೊಸನಗರ ಕಡೆಯ ಕೆಲವು ನರ್ಸಿಂಗ್ ಹೋಮ್ ಮತ್ತು ಲ್ಯಾಬ್‌ಗಳ ರೋಗಿಗಳ ದಾಖಲೆ ನಮ್ಮ ಸಾಫ್ಟ್‌ವೇರ್‌ನಲ್ಲಿದೆ, ಒಟ್ಟು ಸುಮಾರು 60 ಸಾವಿರ ರೋಗಿಗಳು. ಡೇಟಾ ಕ್ಲೌಡ್ ಸರ್ವರ್‌ನಲ್ಲಿದೆ. ಹೊಸ ಡೇಟಾ ಕಾನೂನಿನ ಸುದ್ದಿ ಬಂದ ಮೇಲೆ ಎಲ್ಲ ಕಾಲಂಗಳನ್ನೂ ಎಇಎಸ್-256 ಎಂಬ ವಿಧಾನದಲ್ಲಿ, ಕೀ ಇಲ್ಲದೆ ಓದಲಾಗದಂತೆ, ಎನ್‌ಕ್ರಿಪ್ಟ್ ಮಾಡಿದೆವು, ಅದನ್ನು ಬಿಚ್ಚುವ ಕೀ ಆಯಾ ಕ್ಲಿನಿಕ್‌ನಲ್ಲೇ ಇದೆ. ಆದರೆ ಹುಡುಕಾಟ ನಿಂತುಹೋಗಿ ಕೌಂಟರಿನವರು ಗಲಾಟೆ ಮಾಡಿದರು. ಅದಕ್ಕೆ ಫೋನ್ ನಂಬರ್‌ಗೆ ಎಸ್‌ಎಚ್‌ಎ-256 ಹ್ಯಾಶ್ (ವಾಪಸ್ ತಿರುಗಿಸಲಾಗದ ಕೋಡ್) ಹಾಕಿದೆವು. ಹೆಸರನ್ನು ಮೂರು ಮೂರು ಅಕ್ಷರದ ತುಂಡು ಮಾಡಿ ಪ್ರತಿ ತುಂಡಿಗೂ ಅದರ ಬದಲು ನಿಲ್ಲುವ ಒಂದು ಗುಪ್ತ ಕೋಡ್, ಅಂದರೆ ಟೋಕನ್, ಕೊಟ್ಟೆವು. ಕಾಯಿಲೆ, ಲಿಂಗ, ರಕ್ತದ ಗುಂಪು, ಎಚ್‌ಐವಿ ಫಲಿತಾಂಶ ಇವಕ್ಕೆ ಒಂದೇ ವ್ಯಾಲ್ಯೂಗೆ ಯಾವಾಗಲೂ ಒಂದೇ ಕೋಡ್ ಬರುವ ಎನ್‌ಕ್ರಿಪ್ಷನ್. ವಯಸ್ಸಿಗೆ ಚಿಕ್ಕದು ದೊಡ್ಡದು ಎಂಬ ಕ್ರಮ ಉಳಿಯುವ ಎನ್‌ಕ್ರಿಪ್ಷನ್. ಬೆಂಗಳೂರಿನ ಗೆಳೆಯನೊಬ್ಬ ನೋಡಿ "ಇದು ಪೂರ್ತಿ ಲೀಕ್ ಆಗುತ್ತೆ ಕಣೋ" ಅಂದ. ಕೀ ಇಲ್ಲದೆ ಹೇಗೆ ಲೀಕ್ ಆಗುತ್ತೆ? ಇನ್ನೊಂದು, "ಸರ್ವರ್ ನಡೆಸುವವರಿಗೂ ಏನೂ ತಿಳಿಯದು" ಅಂತ ಒಪ್ಪಂದದಲ್ಲಿ ಬರೆದುಕೊಡಿ ಎಂದು ಒಬ್ಬ ಡಾಕ್ಟರ್ ಕೇಳುತ್ತಿದ್ದಾರೆ. ಬರೆದುಕೊಡಬಹುದಾ?

ಉತ್ತರ: ಕೊನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ. ಆ ಸಾಲು ಬರೆದುಕೊಡಬೇಡಿ. ಈಗಿನ ವ್ಯವಸ್ಥೆಯಲ್ಲಿ ಅದು ಸುಳ್ಳು. ಕೆಳಗೆ ಹೇಳಿದ್ದನ್ನೆಲ್ಲ ಸರಿಮಾಡಿದ ಮೇಲೂ "ಏನೂ ತಿಳಿಯದು" ಅನ್ನುವುದು ಜಾಸ್ತಿಯ ಮಾತೇ. "ದಾಖಲೆಯ ಒಳಗಿನ ಬರಹ ಸರ್ವರ್‌ಗೆ ಓದಲು ಬರುವುದಿಲ್ಲ. ಯಾವಾಗ ಹುಡುಕಿದರು, ಎಷ್ಟು ಸಲ, ಎಷ್ಟು ದಾಖಲೆ ಸಿಕ್ಕವು ಎಂಬುದು ಅದಕ್ಕೆ ಕಾಣುತ್ತದೆ" ಎಂದು ಬರೆಯಿರಿ. ಡಾಕ್ಟರು ಹುಬ್ಬು ಗಂಟಿಕ್ಕಬಹುದು, ಇಕ್ಕಲಿ ಬಿಡಿ. 2023ರ ಡೇಟಾ ರಕ್ಷಣಾ ಕಾಯ್ದೆಯಲ್ಲಿ ಸರಿಯಾದ ಭದ್ರತಾ ಕ್ರಮ ಇಲ್ಲದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಲು ಅವಕಾಶ ಇದೆ. ಡೇಟಾ ಸೋರಿದ ದಿನ ಎಲ್ಲರೂ ಮೊದಲು ತೆಗೆದು ನೋಡುವುದು ಈ ಒಪ್ಪಂದವನ್ನೇ.

ಈಗ ನಿಮ್ಮ ನಿಜವಾದ ಅನುಮಾನಕ್ಕೆ ಬರೋಣ. ಎಇಎಸ್ ಮುರಿದಿಲ್ಲ, ಅದನ್ನು ಯಾರೂ ಮುರಿಯಬೇಕಾಗಿಯೂ ಇಲ್ಲ. ತೊಂದರೆ ಶುರುವಾದದ್ದು ನೀವು ಹುಡುಕಾಟವನ್ನು ವಾಪಸ್ ತಂದ ದಿನ. ಹುಡುಕಬೇಕೆಂದರೆ "ಇದೂ ಅದೂ ಒಂದೇ" ಎಂದು ಸರ್ವರ್ ಗುರುತಿಸಲೇಬೇಕು. ಪದ ಏನೆಂದು ಗೊತ್ತಿಲ್ಲದಿದ್ದರೂ ಅದೇ ಪದ ಮತ್ತೆ ಬಂತು ಅನ್ನುವುದು ಅದಕ್ಕೆ ಗೊತ್ತಾಗುತ್ತದೆ. ಪೋಸ್ಟ್‌ಮ್ಯಾನ್ ಒಂದು ಕಾಗದವನ್ನೂ ಒಡೆದು ಓದುವುದಿಲ್ಲ, ಆದರೂ ಯಾರ ಮನೆಗೆ ತಿಂಗಳು ತಿಂಗಳು ಬ್ಯಾಂಕಿನ ನೋಟಿಸ್ ಬರುತ್ತದೆ ಎಂದು ಅವನಿಗೆ ಗೊತ್ತಿರುತ್ತದಲ್ಲ, ಹಾಗೆ.

ನಿಮ್ಮ ಸರ್ವರ್‌ನ ಕಡೆಯಿಂದ ಒಮ್ಮೆ ನೋಡಿ. ಅದಕ್ಕೆ ಕಾಣುವುದು ಹೆಚ್ಚುಕಡಿಮೆ ಹೀಗಿರುತ್ತದೆ:

ಬೆಳಿಗ್ಗೆ 10:42, ಟೋಕನ್ 7ಎಫ್2ಸಿ, ಸಿಕ್ಕಿದ್ದು 41 ದಾಖಲೆ
ಬೆಳಿಗ್ಗೆ 10:57, ಟೋಕನ್ ಬಿ90ಡಿ, ಸಿಕ್ಕಿದ್ದು 1 ದಾಖಲೆ
ಬೆಳಿಗ್ಗೆ 11:15, ಟೋಕನ್ 7ಎಫ್2ಸಿ, ಸಿಕ್ಕಿದ್ದು 42 ದಾಖಲೆ

ಇಷ್ಟರಲ್ಲಿ ಏನಿದೆ ಅನ್ನಿಸುತ್ತದೆ. ಇದೇ ಲಾಗನ್ನು ಒಂದು ವರ್ಷದ್ದು ತೆಗೆದುಕೊಳ್ಳಿ. 7ಎಫ್2ಸಿ ಎಂಬ ಟೋಕನ್ ಜೂನ್‌ನಿಂದ ಏರಿ ಮಳೆಗಾಲ ಮುಗಿಯುತ್ತಿದ್ದಂತೆ ಇಳಿಯುತ್ತದೆ. ಇನ್ನೊಂದು ಟೋಕನ್ ಮಳೆಗಾಲದಲ್ಲಿ ಸುಳಿವೇ ಇಲ್ಲ, ಜನವರಿಯಿಂದ ಮೇವರೆಗೆ ಮಾತ್ರ ಬರುತ್ತದೆ, ಅದೂ ತೀರ್ಥಹಳ್ಳಿ, ಸಾಗರದ ಕ್ಲಿನಿಕ್‌ಗಳಿಂದ. ನಿಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾ? ಮೊದಲನೆಯದು ಡೆಂಗಿ, ಎರಡನೆಯದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಆ ಜ್ವರಕ್ಕೆ ತನ್ನದೇ ಋತು ಇದೆ, ಊರು ಇದೆ, ಎಷ್ಟು ಜನಕ್ಕೆ ಬಂತು ಅಂತ ಪೇಪರಿನಲ್ಲೂ ಬರುತ್ತಿರುತ್ತದೆ. ಪೇಪರಿನ ಲೆಕ್ಕ, ಟೋಕನ್ನಿನ ಲೆಕ್ಕ ಎರಡನ್ನೂ ಪಕ್ಕಪಕ್ಕ ಇಟ್ಟರೆ ಸಾಕು. ಒಮ್ಮೆ ಆ ಟೋಕನ್ ಯಾವುದೆಂದು ತಿಳಿದರೆ, ಅದಕ್ಕೆ ಸಿಕ್ಕ ದಾಖಲೆಗಳೆಲ್ಲ ಯಾವ ಕಾಯಿಲೆಯವು ಎಂದೂ ತಿಳಿದಂತೆ. ಕೀ ಎಲ್ಲೂ ಬೇಕಾಗಲಿಲ್ಲ.

ಇದು ಹೊಸ ಸಂಗತಿಯೂ ಅಲ್ಲ. ಎನ್‌ಕ್ರಿಪ್ಟ್ ಆದ ಬರಹದಲ್ಲಿ ಪದ ಹುಡುಕುವ ಮೊದಲ ಪ್ರಾಯೋಗಿಕ ವಿಧಾನವನ್ನು ಬರ್ಕ್ಲಿಯ ಸಾಂಗ್, ವ್ಯಾಗ್ನರ್, ಪೆರಿಗ್ 2000ದಲ್ಲಿ ಕೊಟ್ಟರು. 2006ರಲ್ಲಿ ಕರ್ಟ್‌ಮೋಲಾ, ಗರಾಯ್, ಕಮಾರಾ, ಒಸ್ಟ್ರೋವ್‌ಸ್ಕಿ ಇದಕ್ಕೆ ಗಟ್ಟಿಯಾದ ವ್ಯಾಖ್ಯೆ ಕೊಟ್ಟರು, ಜೊತೆಗೆ ಏನು ಸೋರುತ್ತದೆ ಅನ್ನುವುದನ್ನೂ ಮುಚ್ಚುಮರೆ ಇಲ್ಲದೆ ಬರೆದರು. ಒಂದು, ಅದೇ ಹುಡುಕಾಟ ಮತ್ತೆ ಬಂತಾ ಎಂಬುದು. ಇನ್ನೊಂದು, ಯಾವ ಯಾವ ದಾಖಲೆ ಸಿಕ್ಕವು ಎಂಬುದು. "ಇವೆರಡನ್ನು ಬಿಟ್ಟು ಬೇರೇನೂ ಸೋರುವುದಿಲ್ಲ" ಅನ್ನುವುದಕ್ಕೆ ಗಣಿತದ ಪುರಾವೆ ಇದೆ. ಮಾರುವವರ ಬ್ರೋಷರಿಗೆ ಬರುವ ಹೊತ್ತಿಗೆ ಮೊದಲರ್ಧ ಉದುರಿಹೋಗಿ "ಏನೂ ಸೋರುವುದಿಲ್ಲ" ಎಂದಷ್ಟೇ ಉಳಿಯುತ್ತದೆ. ಈ ಕ್ಷೇತ್ರದಲ್ಲಿ ನನಗೆ ಸಿಟ್ಟು ತರಿಸುವ ವಿಷಯ ಇದೊಂದೇ.

ಆ "ಎರಡು" ಎಷ್ಟು ದುಬಾರಿ ಅನ್ನುವುದು 2012ರಿಂದ ಒಂದೊಂದಾಗಿ ಬಯಲಾಯಿತು. ಆ ವರ್ಷ ಇಸ್ಲಾಂ, ಕುಜು, ಕಾಂತಾರ್ಜಿಯೋಲು ಎಂಬ ಮೂವರು, ಯಾವ ಎರಡು ಪದಗಳು ಒಂದೇ ದಾಖಲೆಯಲ್ಲಿ ಜೊತೆಯಾಗಿ ಬರುತ್ತವೆ ಎಂಬ ಲೆಕ್ಕದಿಂದಲೇ ಟೋಕನ್ನಿನ ಹಿಂದಿನ ಪದ ಊಹಿಸಿ ತೋರಿಸಿದರು. ಪರೀಕ್ಷೆಗೆ ಬಳಸಿದ್ದು ಎನ್ರಾನ್ ಎಂಬ ಅಮೆರಿಕದ ಕಂಪನಿಯ ಇಮೇಲ್‌ಗಳನ್ನು. ಆ ಕಂಪನಿ 2001ರಲ್ಲಿ ಮುಳುಗಿತು, ತನಿಖೆಯ ಹೊತ್ತಿನಲ್ಲಿ ಅದರ ಲಕ್ಷಾಂತರ ಮೇಲ್‌ಗಳು ಬಹಿರಂಗವಾದವು, ಅಂದಿನಿಂದ ಈ ಕ್ಷೇತ್ರದವರೆಲ್ಲ ಅದನ್ನೇ ಅರೆಯುತ್ತಿದ್ದಾರೆ. 2015ರಲ್ಲಿ ಡೇವಿಡ್ ಕ್ಯಾಶ್ ಮತ್ತು ಸಂಗಡಿಗರು ಇನ್ನೂ ಸರಳ ಮಾಡಿದರು. ದಾಖಲೆಗಳ ಪ್ರತಿ ಆಕ್ರಮಣಕಾರನ ಹತ್ತಿರ ಮೊದಲೇ ಇದ್ದರೆ, ಒಂದು ಪದ ಎಷ್ಟು ದಾಖಲೆಗಳಲ್ಲಿದೆ ಎಂಬ ಸಂಖ್ಯೆಯೇ ಎಷ್ಟೋ ಪದಗಳಿಗೆ ಗುರುತಿನ ಚೀಟಿ ಆಗಿಬಿಡುತ್ತದೆ.

ನಿಮಗೆ ಹತ್ತಿರದ್ದು ಅದೇ 2015ರ ಇನ್ನೊಂದು ಕೆಲಸ. ನವೀದ್, ಕಮಾರಾ, ರೈಟ್ ಅಮೆರಿಕದ 200 ಆಸ್ಪತ್ರೆಗಳ ರೋಗಿಗಳ ದಾಖಲೆ ತೆಗೆದುಕೊಂಡು, ನೀವು ಬಳಸಿರುವಂಥದೇ ಎರಡು ಬಗೆಯ ಎನ್‌ಕ್ರಿಪ್ಷನ್ ಮೇಲೆ ಪ್ರಯೋಗ ಮಾಡಿದರು. ಕ್ರಮ ಉಳಿಸುವ ಬಗೆಯಲ್ಲಿ ಇಟ್ಟಿದ್ದ ವಯಸ್ಸು, ಕಾಯಿಲೆಯ ತೀವ್ರತೆ ಥರದ ಕಾಲಂಗಳಲ್ಲಿ ಶೇ. 95ರಷ್ಟು ಆಸ್ಪತ್ರೆಗಳ ಶೇ. 80ಕ್ಕೂ ಹೆಚ್ಚು ದಾಖಲೆಗಳನ್ನು ಬಿಡಿಸಿದರು. ಒಂದೇ ವ್ಯಾಲ್ಯೂಗೆ ಒಂದೇ ಕೋಡ್ ಬರುವ ಬಗೆಯಲ್ಲಿ ಇಟ್ಟಿದ್ದ ಲಿಂಗ, ಜನಾಂಗ ಮುಂತಾದವುಗಳಲ್ಲಿ ಶೇ. 60ಕ್ಕೂ ಹೆಚ್ಚು ಆಸ್ಪತ್ರೆಗಳ ಶೇ. 60ಕ್ಕೂ ಹೆಚ್ಚು ದಾಖಲೆಗಳು ಸಿಕ್ಕವು. ಗಮನಿಸಿ, ಅವರಿಗೆ ಯಾರೂ ಹುಡುಕಿದ ಲಾಗ್ ಕೂಡ ಬೇಕಾಗಿರಲಿಲ್ಲ. ಎನ್‌ಕ್ರಿಪ್ಟ್ ಆದ ಟೇಬಲ್ಲು, ಜೊತೆಗೆ ಎಲ್ಲರಿಗೂ ಸಿಗುವ ಅಂಕಿಅಂಶ, ಅಷ್ಟೇ.

ನಿಮ್ಮ ಕಾಲಂಗಳನ್ನು ಒಂದೊಂದಾಗಿ ನೋಡೋಣ. ಎಲ್ಲಕ್ಕೂ ಒಂದೇ ಅಪಾಯ ಇಲ್ಲ.

ಎಚ್‌ಐವಿ ಫಲಿತಾಂಶವನ್ನು ಇವತ್ತೇ ತೆಗೆಯಿರಿ, ಉಳಿದದ್ದು ಆಮೇಲೆ. ಹಿಂದೆ ನಾನು ಆಡಿಟ್ ಮಾಡಿದ ಒಂದು ವ್ಯವಸ್ಥೆಯಲ್ಲಿ ಇಂಥದೇ ಕಾಲಂ ಇತ್ತು. ಸಾವಿರಾರು ಸಾಲು, ಆದರೆ ಕಾಲಂ ಪೂರ್ತಿ ಎರಡೇ ಕೋಡ್. ಒಂದು ಕೋಡ್ ಎಲ್ಲ ಕಡೆ, ಇನ್ನೊಂದು ಅಲ್ಲೊಂದು ಇಲ್ಲೊಂದು. ಕಡಿಮೆ ಇರುವುದು ಯಾವುದು ಅಂತ ಊಹಿಸಲು ಓದು ಬೇಕಾ? ಎಕ್ಸೆಲ್‌ನಲ್ಲಿ ಫಿಲ್ಟರ್ ಹಾಕಲು ಬಂದರೆ ಸಾಕು. ಎಚ್‌ಐವಿ ಸ್ಥಿತಿಯನ್ನು ಗುಟ್ಟಾಗಿಡುವ ಹೊಣೆಗೆ 2017ರ ಪ್ರತ್ಯೇಕ ಕಾಯ್ದೆಯೇ ಇದೆ, ದಾಖಲೆ ಇಟ್ಟುಕೊಂಡವರು ಅದಕ್ಕೆ ಭದ್ರತೆ ಮಾಡಲೇಬೇಕು ಎಂದು ಅದರಲ್ಲಿದೆ. ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರ್‌ನ ಆಲ್ವೇಸ್ ಎನ್‌ಕ್ರಿಪ್ಟೆಡ್ ಸೌಲಭ್ಯ ಗೊತ್ತಿರಬಹುದು. ಅದರ ಕೈಪಿಡಿಯಲ್ಲೇ ಹೇಳಿದ್ದಾರೆ, ಹೌದು/ಇಲ್ಲ ಥರ ಕೆಲವೇ ವ್ಯಾಲ್ಯೂ ಇರುವ ಕಾಲಂಗೆ ಹೀಗೆ ಯಾವಾಗಲೂ ಒಂದೇ ಕೋಡ್ ಬರುವ ಬಗೆ ಬಳಸಿದರೆ ಊಹಿಸಿಬಿಡಬಹುದು ಅಂತ. ಆ ಸಾಲನ್ನು ಓದುವವರು ಕಡಿಮೆ.

ರಕ್ತದ ಗುಂಪಿನದೂ ಇದೇ ಕಥೆ. ಎಂಟು ಕೋಡ್. ಅತಿ ಕಡಿಮೆ ಇರುವುದು ಎಬಿ ನೆಗೆಟಿವ್. ಉಳಿದದ್ದನ್ನು ಹೊಂದಿಸುವುದು ಕಷ್ಟವಲ್ಲ. ಸೋರಿದರೆ ಆಕಾಶವೇನೂ ಬೀಳುವುದಿಲ್ಲ ಅನ್ನಬಹುದು, ಆದರೆ ಒಂದು ಕಾಲಂ ಇನ್ನೊಂದನ್ನು ಹಿಡಿದುಕೊಡುತ್ತದೆ, ಅದನ್ನು ಹೆಸರಿನ ವಿಷಯದಲ್ಲಿ ತೋರಿಸುತ್ತೇನೆ.

ವಯಸ್ಸು. 60 ಸಾವಿರ ರೋಗಿಗಳಲ್ಲಿ ಹುಟ್ಟಿದ ಕೂಸಿನಿಂದ ತೊಂಬತ್ತರ ಅಜ್ಜನವರೆಗೆ ಎಲ್ಲ ವಯಸ್ಸಿನವರೂ ಇದ್ದೇ ಇರುತ್ತಾರೆ. ಕೋಡ್‌ಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ. ಮೊದಲನೆಯದು 0, ಮುಂದಿನದು 1, ಹೀಗೇ. ಮುಗಿಯಿತು. ತೀರ ಮೇಲಿನ ವಯಸ್ಸುಗಳಲ್ಲಿ ಒಂದೆರಡು ಬಿಟ್ಟುಹೋಗಿರಬಹುದು, ಅಷ್ಟೇ. ಇದನ್ನು ಎನ್‌ಕ್ರಿಪ್ಷನ್ ಅಂತ ಕರೆಯಲು ನನಗೆ ನಾಲಿಗೆ ಏಳುವುದಿಲ್ಲ. "ಕೋಡ್‌ನಲ್ಲಿ ಕ್ರಮ ಇಲ್ಲದಂತೆ ಮಾಡಿ, 30ರಿಂದ 40ರವರು ಎಂದು ಹುಡುಕಲು ಮಾತ್ರ ಬಿಟ್ಟರೆ?" ಎಂದು ಕೇಳುತ್ತೀರಿ. ಅದಕ್ಕೂ 2016ರಲ್ಲಿ ಕೆಲಾರಿಸ್ ಮತ್ತು ಸಂಗಡಿಗರು ಉತ್ತರ ಕೊಟ್ಟಿದ್ದಾರೆ. ಅಂಥ ಹುಡುಕಾಟಗಳನ್ನು ಸಾಕಷ್ಟು ನೋಡುತ್ತ ಕೂತರೆ, ಯಾವ ಯಾವ ದಾಖಲೆಗಳು ಜೊತೆಗೆ ಬರುತ್ತವೆ ಎಂಬುದರಿಂದಲೇ ವ್ಯಾಲ್ಯೂಗಳನ್ನು ಮತ್ತೆ ಕಟ್ಟಬಹುದು.

ಫೋನ್ ನಂಬರ್. "ಹ್ಯಾಶ್ ವಾಪಸ್ ತಿರುಗಿಸಲು ಬರುವುದಿಲ್ಲ" ಅನ್ನುವುದು ನಾನು ವಾರಕ್ಕೊಮ್ಮೆಯಾದರೂ ಕೇಳುವ ಮಾತು. ತಿರುಗಿಸುವುದೇ ಬೇಡ. ನಮ್ಮ ಮೊಬೈಲ್ ನಂಬರ್ ಹತ್ತು ಅಂಕಿ, ಶುರುವಾಗುವುದು 6, 7, 8, 9ರಿಂದ. ಅಲ್ಲಿಗೆ ಇರಬಹುದಾದ ನಂಬರ್‌ಗಳು ಒಟ್ಟು 400 ಕೋಟಿ. ಗೇಮ್ ಆಡುವ ಹುಡುಗರ ಕಂಪ್ಯೂಟರಿನಲ್ಲಿರುವ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ನೂರಾರು ಕೋಟಿ ಎಸ್‌ಎಚ್‌ಎ-256 ಲೆಕ್ಕ ಹಾಕುತ್ತದೆ. ಎಲ್ಲ ನಂಬರ್‌ಗಳ ಹ್ಯಾಶ್ ಮಾಡಿ ಹೋಲಿಸಿ ನೋಡಿದರಾಯಿತು, ನಿಮ್ಮ 60 ಸಾವಿರವೂ ಟೀ ಆರುವ ಮೊದಲೇ ಕೈಗೆ ಬರುತ್ತವೆ. ಆಧಾರ್ ಸಂಖ್ಯೆಗೂ ಹೀಗೇ ಮಾಡಿದ್ದರೆ ಅದೂ ಅಷ್ಟೇ. ಹನ್ನೆರಡು ಅಂಕಿ ಇದ್ದರೂ ಮೊದಲನೆಯದು 0 ಅಥವಾ 1 ಆಗುವುದಿಲ್ಲ, ಕೊನೆಯದು ಬರೀ ತಾಳೆ ನೋಡುವ ಅಂಕಿ, ಹಾಗಾಗಿ ಉಳಿಯುವುದು 8000 ಕೋಟಿ. ಮನುಷ್ಯರಿಗೆ ದೊಡ್ಡ ಸಂಖ್ಯೆ, ಆ ಕಾರ್ಡ್‌ಗೆ ಅಲ್ಲ. ಎಲ್ಲಕ್ಕೂ ಒಂದೇ ಸಾಲ್ಟ್ (ಹ್ಯಾಶ್ ಮಾಡುವ ಮೊದಲು ಜೋಡಿಸುವ ಹೆಚ್ಚುವರಿ ಅಕ್ಷರಗಳು) ಸೇರಿಸಿದ್ದೇವೆ ಅನ್ನುವವರಿಗೆ: ಆ ಸಾಲ್ಟ್ ಸರ್ವರ್‌ನಲ್ಲೇ ಇದ್ದರೆ ಏನೂ ಪ್ರಯೋಜನ ಇಲ್ಲ.

ಹೆಸರಿನದು ಹೆಚ್ಚು ಸ್ವಾರಸ್ಯದ್ದು. ಕೌಂಟರಿನಲ್ಲಿ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುತ್ತಾರೆ ಅಂದುಕೊಳ್ಳುತ್ತೇನೆ. ಮಂಜಪ್ಪ, ಈರಪ್ಪ, ಹಾಲಪ್ಪ ಎಲ್ಲದರ ಕೊನೆಗೆ ಪಿ-ಪಿ-ಎ ಎಂಬ ತುಂಡು. ಲಕ್ಷ್ಮಮ್ಮ, ಗೌರಮ್ಮ, ಪುಟ್ಟಮ್ಮ ಎಲ್ಲದರಲ್ಲೂ ಎಂ-ಎಂ-ಎ. ನಿಮ್ಮ ಕಡೆಯ ಯಾವ ಪಟ್ಟಿಯಲ್ಲೂ ಈ ಎರಡು ತುಂಡು ಮೇಲ್ಗಡೆಯೇ ಇರುತ್ತವೆ. ಯಾವ ಟೋಕನ್ ಅಪ್ಪ, ಯಾವುದು ಅಮ್ಮ ಎಂಬ ಅನುಮಾನ ಬಂದರೆ ಪಕ್ಕದ ಲಿಂಗದ ಕಾಲಂ ನೋಡಿದರಾಯಿತು, ಅಲ್ಲೂ ಹೆಚ್ಚಾಗಿ ಎರಡೇ ಕೋಡ್. ತಿಮ್ಮಪ್ಪನಲ್ಲಿ ಎರಡೂ ತುಂಡು ಬರುತ್ತವೆ, ಅವನೊಬ್ಬ ಸಿಕ್ಕರೆ ಇನ್ನಷ್ಟು ತುಂಡು ಬಿಚ್ಚಿಕೊಳ್ಳುತ್ತವೆ. ಹೀಗೆ ಪದಬಂಧ ತುಂಬಿದ ಹಾಗೆ ತುಂಬುತ್ತ ಹೋಗಬಹುದು. ಊರಿನಲ್ಲಿ ಯಾವ ಹೆಸರು ಎಷ್ಟಿವೆ ಅನ್ನುವ ಲೆಕ್ಕ ಬೇಕಾದರೆ ಮತದಾರರ ಪಟ್ಟಿ ಎಲ್ಲರಿಗೂ ಸಿಗುತ್ತದೆ. ಪೂರ್ತಿ ಹೆಸರಿಗೆ ಒಂದು ಟೋಕನ್ ಕೊಟ್ಟಿದ್ದರೆ ಇಷ್ಟು ಸುಲಭ ಆಗುತ್ತಿರಲಿಲ್ಲ. ತುಂಡು ಮಾಡಿದಷ್ಟೂ ಹುಡುಕಾಟಕ್ಕೆ ಅನುಕೂಲ, ಅಷ್ಟೇ ಸೋರಿಕೆಯೂ ಜಾಸ್ತಿ.

ಇನ್ನೊಂದು ದಾರಿ ಇದೆ, ಅದಕ್ಕೆ ಸುಮ್ಮನೆ ನೋಡುತ್ತ ಕೂರುವುದೂ ಬೇಡ. ನಿಮ್ಮ ಸಾಫ್ಟ್‌ವೇರ್‌ನಲ್ಲಿ ರೋಗಿಗಳೇ ಹಳೆಯ ರಿಪೋರ್ಟ್ ಕಳಿಸುವ, ಅಥವಾ ಹೊರಗಿನ ಲ್ಯಾಬಿನ ಪಿಡಿಎಫ್ ತಾನಾಗಿ ಸೇರಿಕೊಳ್ಳುವ ಸೌಲಭ್ಯ ಇದ್ದರೆ ಇದನ್ನು ನಿಧಾನವಾಗಿ ಓದಿ. 2016ರಲ್ಲಿ ಝಾಂಗ್, ಕಾಟ್ಸ್, ಪಾಪಮಾಂತು ತೋರಿಸಿದ ತಂತ್ರ ಇದು. ಎಂಟು ಪದ ಇವೆ ಅನ್ನಿ, 0ಯಿಂದ 7ರವರೆಗೆ ನಂಬರ್ ಹಾಕಿ. ಡೆಂಗಿಯ ನಂಬರ್ 5. 0 ಮತ್ತು 1 ಎಂಬ ಎರಡೇ ಅಂಕಿಯ (ಬೈನರಿ) ಲೆಕ್ಕದಲ್ಲಿ 5 ಅಂದರೆ 101. ಈಗ ಮೂರು ಫೈಲು ಮಾಡಿ. ಯಾವ ಪದಗಳ ಮೊದಲ ಅಂಕಿ 1 ಇದೆಯೋ ಅವೆಲ್ಲ ಮೊದಲ ಫೈಲಿಗೆ, ಎರಡನೇ ಅಂಕಿ 1 ಇರುವವು ಎರಡನೇ ಫೈಲಿಗೆ, ಮೂರನೆಯದು ಹಾಗೇ. ಈ ಮೂರನ್ನು ರೋಗಿಯ ರಿಪೋರ್ಟ್ ಎಂಬಂತೆ ಕಳಿಸಿ. ಕ್ಲಿನಿಕ್‌ನ ಕಂಪ್ಯೂಟರ್ ಪಾಪ ನಿಯತ್ತಾಗಿ ಅವನ್ನೂ ಎನ್‌ಕ್ರಿಪ್ಟ್ ಮಾಡಿ ಇಂಡೆಕ್ಸಿಗೆ, ಅಂದರೆ ಯಾವ ಪದ ಯಾವ ದಾಖಲೆಯಲ್ಲಿದೆ ಎಂಬ ಪಟ್ಟಿಗೆ, ಸೇರಿಸುತ್ತದೆ. ಆಮೇಲೆ ಡಾಕ್ಟರು ಏನೋ ಹುಡುಕುತ್ತಾರೆ. ಫಲಿತಾಂಶದಲ್ಲಿ ಮೊದಲ ಫೈಲ್ ಬಂತು, ಎರಡನೆಯದು ಇಲ್ಲ, ಮೂರನೆಯದು ಬಂತು. 101. ಡಾಕ್ಟರು ಹುಡುಕಿದ್ದು ಡೆಂಗಿ. ಇಲ್ಲಿ ಊಹೆಯೇ ಇಲ್ಲ, ಪಕ್ಕಾ ಲೆಕ್ಕ. ಹತ್ತು ಸಾವಿರ ಪದಗಳ ಪಟ್ಟಿಗೆ ಹದಿನಾಲ್ಕು ಫೈಲು ಸಾಕು. ಇದನ್ನು ಮಾಡಬೇಕಾದರೆ ಫೈಲ್ ಕಳಿಸುವವನಿಗೆ ಸರ್ವರ್ ಒಳಗೂ ಕಣ್ಣಿರಬೇಕು, ಅದೊಂದು ಸಮಾಧಾನ. ಒಂದು ಫೈಲಿನಲ್ಲಿ ಇಷ್ಟೇ ಪದ ಇಂಡೆಕ್ಸ್ ಮಾಡುತ್ತೇವೆ ಎಂದು ಮಿತಿ ಹಾಕಿದರೆ ಅವನಿಗೆ ಫೈಲುಗಳು ಹೆಚ್ಚು ಬೇಕಾಗುತ್ತವೆ. ಹೊಸ ಫೈಲು ಹಳೆಯ ಟೋಕನ್‌ಗಳಿಗೆ ಸಿಗದಂತೆ ಮಾಡುವ ವಿಧಾನಗಳೂ ಬಂದಿವೆ, ಅದೇ 2016ರಲ್ಲಿ ರಫಾಯೆಲ್ ಬೋಸ್ಟ್ ಕೊಟ್ಟದ್ದು ಅವುಗಳಲ್ಲಿ ಹೆಸರಾದದ್ದು. ಅವುಗಳಿಂದ ನಿನ್ನೆಯ ಹುಡುಕಾಟದ ಗುಟ್ಟು ಉಳಿಯುತ್ತದೆ. ನಾಳೆಯದಕ್ಕೆ ಅಪಾಯ ಹಾಗೇ ಇರುತ್ತದೆ.

ಗಣಿತವನ್ನು ಪಕ್ಕಕ್ಕಿಟ್ಟು ಈಗ ಪ್ಲಂಬಿಂಗ್ ನೋಡಿ. ನಾನು ನೋಡಿದ ಸೋರಿಕೆಗಳಲ್ಲಿ ಹೆಚ್ಚಿನವು ಇಲ್ಲಿಯವೇ. ಮೊದಲು ನಿಮ್ಮ ವೆಬ್ ಸರ್ವರ್‌ನ ಆಕ್ಸೆಸ್ ಲಾಗ್ ತೆರೆಯಿರಿ. ಕೌಂಟರಿನವರು ಹುಡುಕುವಾಗ ಆ ಪದ ವಿಳಾಸದ ಕೊನೆಯಲ್ಲಿ, ಪ್ರಶ್ನಾರ್ಥಕ ಚಿಹ್ನೆ ಆದಮೇಲೆ, ಹೋಗುತ್ತಿದೆಯಾ? ಎಷ್ಟೋ ಕಡೆ ಟೋಕನ್ ಮಾಡುವ ಮೊದಲೇ ಪೇಜಿನ ವಿಳಾಸಕ್ಕೆ ಪದ ಸೇರಿಕೊಂಡಿರುತ್ತದೆ, ಲಾಗ್‌ನಲ್ಲಿ ರೋಗಿಯ ಹೆಸರು ಹಾಗ್‌ಹಾಗೇ ಕೂತಿರುತ್ತದೆ. ಆಮೇಲೆ ಡೇಟಾಬೇಸಿನ ನಿಧಾನ ಕ್ವೆರಿಗಳ ಲಾಗ್, ಬ್ಯಾಕಪ್ಪಿಗೆಂದು ಇಡುವ ಬಿನ್‌ಲಾಗ್ (ಡೇಟಾದಲ್ಲಿ ಆದ ಪ್ರತಿ ಬದಲಾವಣೆಯ ಲಾಗ್), ಆ್ಯಪ್ ಕ್ರ್ಯಾಶ್ ಆದಾಗ ಹೊರಗಿನ ಸೇವೆಗೆ ಹೋಗುವ ವರದಿ. "ಕಳ್ಳ ಡಿಸ್ಕ್ ಕದ್ದರೂ ಅವನಿಗೆ ಹುಡುಕಾಟದ ಟೋಕನ್ ಸಿಗುವುದಿಲ್ಲ" ಎಂಬ ಲೆಕ್ಕ ಇಟ್ಟುಕೊಂಡು ಬಹಳಷ್ಟು ವ್ಯವಸ್ಥೆ ಕಟ್ಟುತ್ತಾರೆ. 2017ರಲ್ಲಿ ಗ್ರಬ್ಸ್, ರಿಸ್ಟನ್‌ಪಾರ್ಟ್, ಶ್ಮಾಟಿಕೊವ್ ಈ ಲೆಕ್ಕವೇ ತಪ್ಪು ಎಂದು ತೋರಿಸಿದರು. ಲಾಗ್‌ಗಳು, ಕ್ಯಾಶ್‌ಗಳು (ಬೇಗ ಸಿಗಲೆಂದು ಇಡುವ ತಾತ್ಕಾಲಿಕ ಪ್ರತಿಗಳು) ಎಲ್ಲ ಅದೇ ಡಿಸ್ಕ್‌ನಲ್ಲಿ, ಅದೇ ಮೆಮೊರಿಯಲ್ಲಿ ಇರುತ್ತವಲ್ಲ. ಕದ್ದವನಿಗೆ ಟೇಬಲ್ ಜೊತೆ ಹಳೆಯ ಹುಡುಕಾಟವೂ ಸಿಗುತ್ತದೆ.

ಹಾಗಾದರೆ ಏನು ಮಾಡಬೇಕು? ನನ್ನ ಮೊದಲ ಸಲಹೆ ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ಹುಡುಕಾಟವನ್ನು ಸರ್ವರ್‌ನಿಂದಲೇ ಕಿತ್ತುಹಾಕಿ. ರೋಗಿಯ ಹೆಸರು, ಫೋನ್, ನೋಂದಣಿ ಸಂಖ್ಯೆ ಸೇರಿ ಒಬ್ಬರಿಗೆ ನೂರು ಬೈಟ್ ಹಿಡಿಯಿರಿ. 60 ಸಾವಿರ ಜನಕ್ಕೆ 6 ಎಂಬಿ. ವಾಟ್ಸ್ಆ್ಯಪ್‌ನಲ್ಲಿ ಬರುವ ಒಂದು ಮದುವೆ ವಿಡಿಯೋ ಇದಕ್ಕಿಂತ ದೊಡ್ಡದಿರುತ್ತದೆ. ಅದೂ ಎಲ್ಲ ಕ್ಲಿನಿಕ್ ಸೇರಿಸಿದ ಲೆಕ್ಕ, ಒಂದೊಂದಕ್ಕೆ ಇನ್ನೂ ಕಡಿಮೆ. ಈ ಪಟ್ಟಿಯನ್ನು ಒಂದೇ ಗಂಟಾಗಿ ಎನ್‌ಕ್ರಿಪ್ಟ್ ಮಾಡಿ ಸರ್ವರ್‌ನಲ್ಲಿಡಿ, ಬೆಳಿಗ್ಗೆ ಕೌಂಟರಿನ ಕಂಪ್ಯೂಟರ್ ಅದನ್ನು ಇಳಿಸಿಕೊಂಡು, ಬಿಚ್ಚಿ, ಮೆಮೊರಿಯಲ್ಲಿಟ್ಟುಕೊಂಡು ಅಲ್ಲೇ ಹುಡುಕಲಿ. "ಮಂಜುನಾಥ", "ಮಂಜುನಾಥ್", ಅರ್ಧ ಹೆಸರು, ತಪ್ಪು ಸ್ಪೆಲ್ಲಿಂಗ್ ಹೇಗೆ ಬೇಕಾದರೂ ಹುಡುಕಿಕೊಳ್ಳಲಿ, ಸರ್ವರ್‌ಗೆ ಒಂದಕ್ಷರ ಹೋಗುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಹಳೆ ಮೆಸೇಜ್ ಹುಡುಕುತ್ತೀರಲ್ಲ, ಅದು ನಡೆಯುವುದೂ ನಿಮ್ಮ ಫೋನಿನಲ್ಲೇ. ಪ್ರೋಟಾನ್ ಮೇಲ್‌ನವರು ಮೇಲ್ ಒಳಗಿನ ಬರಹ ಹುಡುಕಲು ಬ್ರೌಸರಿನಲ್ಲೇ ಇಂಡೆಕ್ಸ್ ಕಟ್ಟುತ್ತಾರೆ. ನಿಮ್ಮಷ್ಟು ಗಾತ್ರದ ಕೆಲಸಕ್ಕೆ ಯಾವ ದೊಡ್ಡ ಕ್ರಿಪ್ಟೋಗ್ರಫಿಗಿಂತಲೂ ಇದು ಒಳ್ಳೆಯದು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಇದಕ್ಕೂ ಅಪಾಯ ಇದೆ. ಈಗ ಇಡೀ ಪಟ್ಟಿ ಕೌಂಟರಿನ ಕಂಪ್ಯೂಟರಿನಲ್ಲಿದೆ. ಅದಕ್ಕೆ ವೈರಸ್ ಹೊಕ್ಕರೆ, ಕೆಲಸ ಬಿಟ್ಟ ಹುಡುಗ ಪೆನ್‌ಡ್ರೈವಿಗೆ ಹಾಕಿಕೊಂಡು ಹೋದರೆ ಒಂದೇ ಏಟಿಗೆ ಎಲ್ಲ ಹೋಗುತ್ತದೆ. ಹಾಗಾಗಿ ಪ್ರತಿ ಕ್ಲಿನಿಕ್‌ಗೂ ಬೇರೆ ಕೀ. ಪಟ್ಟಿಯನ್ನು ಡಿಸ್ಕ್‌ಗೆ ಬರೆಯಬೇಡಿ. ಕಾಯಿಲೆ, ಫಲಿತಾಂಶ ಯಾವುದೂ ಆ ಪಟ್ಟಿಯಲ್ಲಿ ಇರಬಾರದು. ಎಲ್ಲರೂ ಒಂದೇ ಲಾಗಿನ್ ಬಳಸುವ ಅಭ್ಯಾಸ ಬಿಡಿಸಿ. ಕೊನೆಯದು ಎಲ್ಲಕ್ಕಿಂತ ಕಷ್ಟ, ನಿಮಗೂ ಗೊತ್ತು.

ಸರ್ವರ್‌ನಲ್ಲೇ ಹುಡುಕಬೇಕು ಅನ್ನುವ ಒತ್ತಾಯ ಇದ್ದರೆ, ಬರೀ ಫೋನ್ ಮತ್ತು ನೋಂದಣಿ ಸಂಖ್ಯೆಗೆ ಇಟ್ಟುಕೊಳ್ಳಿ. ಇವು ಒಬ್ಬೊಬ್ಬರಿಗೆ ಒಂದೊಂದು ಇರುವುದರಿಂದ ಎಣಿಕೆಯಲ್ಲಿ ಸುಳಿವು ಕಡಿಮೆ. ಒಂದೇ ನಂಬರ್ ಮನೆಯವರೆಲ್ಲ ಕೊಡುವುದುಂಟು, ಆಗ ಯಾರ್ಯಾರು ಒಂದೇ ಮನೆಯವರು ಅನ್ನುವುದು ಕಾಣುತ್ತದೆ. ಬರೀ ಹ್ಯಾಶ್ ಬದಲು ಕೀ ಸೇರಿಸಿ ಮಾಡುವ ಎಚ್‌ಮ್ಯಾಕ್ ಬಳಸಿ. ಕೀ ಕ್ಲಿನಿಕ್ ಕಡೆ ಇರಲಿ, ಕಾಲಂಗೊಂದು ಕ್ಲಿನಿಕ್‌ಗೊಂದು ಬೇರೆ ಬೇರೆ. ಒಂದೇ ಕೀ ಇದ್ದರೆ ಸಾಗರದಲ್ಲಿ ತೋರಿಸಿಕೊಂಡವರೇ ತೀರ್ಥಹಳ್ಳಿಗೂ ಹೋಗಿದ್ದಾರೆ ಎಂದು ಸರ್ವರ್‌ಗೆ ಗೊತ್ತಾಗುತ್ತದೆ. ಬಂದ ಟೋಕನ್ ಪೂರ್ತಿ ಇಡಬೇಡಿ, ಮೊದಲ 12 ಬಿಟ್ (0 ಅಥವಾ 1 ಆಗಿರುವ 12 ಅಂಕಿ) ಮಾತ್ರ ಇಡಿ. ಆಗ ಇರುವುದು 4096 ಟೋಕನ್, 60 ಸಾವಿರ ಜನ ಹಂಚಿಹೋದರೆ ಒಂದೊಂದರಲ್ಲಿ ಹದಿನೈದರಷ್ಟು ಜನ. ಹುಡುಕಿದಾಗ ಹದಿನೈದೂ ದಾಖಲೆ ಬರುತ್ತವೆ, ಬೇಕಾದ್ದನ್ನು ಕ್ಲಿನಿಕ್‌ನ ಕಂಪ್ಯೂಟರ್ ಬಿಚ್ಚಿ ಆರಿಸಿಕೊಳ್ಳುತ್ತದೆ. ಚಿಕ್ಕ ಕ್ಲಿನಿಕ್ ಆದರೆ ಬಿಟ್‌ಗಳನ್ನು ಇನ್ನೂ ಕಡಿಮೆ ಮಾಡಬೇಕು, ಇಲ್ಲದಿದ್ದರೆ ಗುಂಪೇ ಆಗುವುದಿಲ್ಲ. ಅಮೆಜಾನ್ ಕ್ಲೌಡಿನವರು ಬೀಕನ್ ಎಂದು ಕೊಡುವುದೂ ಹೀಗೆ ಕತ್ತರಿಸಿದ ಎಚ್‌ಮ್ಯಾಕ್‌ನ್ನೇ. ಆದರೆ ಇದನ್ನೇ ಕಾಯಿಲೆಯ ಕಾಲಂಗೆ ಹಾಕಿದರೆ ಉಪಯೋಗ ಇಲ್ಲ. ಸಾವಿರ ಸಲ ಬರುವ ಕಾಯಿಲೆ ಕತ್ತರಿಸಿದ ಮೇಲೂ ಸಾವಿರ ಸಲ ಬರುತ್ತದೆ.

ಸಿದ್ಧ ಉತ್ಪನ್ನ ಕೊಳ್ಳಬಹುದಾ? ಮೊಂಗೊಡಿಬಿ ಎಂಬ ಡೇಟಾಬೇಸಿನ ಕ್ವೆರಿಯಬಲ್ ಎನ್‌ಕ್ರಿಪ್ಷನ್ ಇದೆ, 2023ರ 7.0 ಆವೃತ್ತಿಯಿಂದ ಎಲ್ಲರ ಬಳಕೆಗೆ ಬಂತು. ಅದರ ಹಿಂದೆ ಇರುವುದು ನಾನು ಮೇಲೆ ಎರಡು ಸಲ ಹೆಸರಿಸಿದ ಕಮಾರಾ ಮತ್ತು ಅವರ ಸಂಗಡಿಗರ ಕೆಲಸವೇ. ಒಂದೇ ವ್ಯಾಲ್ಯೂ ಎರಡು ಸಲ ಬಂದರೂ ಡಿಸ್ಕ್‌ನಲ್ಲಿ ಬೇರೆ ಬೇರೆಯಾಗಿ ಕಾಣುವುದರಿಂದ ನಿಮ್ಮ ಈಗಿನ ವ್ಯವಸ್ಥೆಗಿಂತ ಎಷ್ಟೋ ಮೇಲು. ಡೇಟಾಬೇಸಿನ ಒಂದು ಪ್ರತಿ ಕದ್ದವನಿಂದ ಕಾಪಾಡುತ್ತದೆ. ಸರ್ವರ್ ಒಳಗೆ ತಿಂಗಳುಗಟ್ಟಲೆ ಕೂತು ನೋಡುವವನಿಂದ ಪೂರ್ತಿ ಕಾಪಾಡುವುದಿಲ್ಲ. ನಿಮ್ಮ ಭಯ ಯಾರ ಬಗ್ಗೆ ಎಂದು ಮೊದಲು ನಿರ್ಧರಿಸಿಕೊಂಡು ಆಮೇಲೆ ಕೊಳ್ಳಿ.

"ಎಲ್ಲವನ್ನೂ ಮುಚ್ಚಿಡುವ ವಿಧಾನ ಇಲ್ಲವೇ ಇಲ್ಲವಾ?" ಇದೆ, ದುಬಾರಿ. ಯಾವ ದಾಖಲೆ ಮುಟ್ಟಿದಿರಿ ಅನ್ನುವುದನ್ನೇ ಮರೆಮಾಡುವ ಓರ್ಯಾಮ್ ಎಂಬುದಿದೆ. ಪ್ರತಿ ಸಲ ಓದಿದ್ದನ್ನು ಕಲಸಿ ಬೇರೆ ಜಾಗದಲ್ಲಿಡುತ್ತದೆ, ಹಾಗಾಗಿ ಒಂದು ದಾಖಲೆಗೆ ಹತ್ತಾರು ಓದು ಬರಹ ಬೇಕು, ಡೇಟಾ ಬೆಳೆದ ಹಾಗೆ ಅದೂ ಬೆಳೆಯುತ್ತದೆ. ಇದನ್ನು ತೀರ ಅಗ್ಗ ಮಾಡಲು ಸಾಧ್ಯವೇ ಇಲ್ಲ ಎಂದು 2018ರಲ್ಲಿ ಲಾರ್ಸೆನ್, ನೀಲ್ಸನ್ ಸಾಧಿಸಿಯೇ ಬಿಟ್ಟರು. ಇಷ್ಟೆಲ್ಲ ಮಾಡಿದರೂ ಎಷ್ಟು ದಾಖಲೆ ಸಿಕ್ಕವು ಅನ್ನುವ ಸಂಖ್ಯೆ ಕಾಣುತ್ತಲೇ ಇರುತ್ತದೆ, ಅದನ್ನು ಮುಚ್ಚಲು ಸುಳ್ಳು ದಾಖಲೆ ಸೇರಿಸಬೇಕು. ಬಿಚ್ಚದೆಯೇ ಯಾವ ಲೆಕ್ಕವನ್ನಾದರೂ ಮಾಡುವ ಪೂರ್ಣ ಹೋಮೊಮಾರ್ಫಿಕ್ ಎನ್‌ಕ್ರಿಪ್ಷನ್ 2009ರಲ್ಲಿ ಕ್ರೇಗ್ ಜೆಂಟ್ರಿಯಿಂದ ಬಂತು. ಅಲ್ಲಿ ಸರ್ವರ್ ಪ್ರತಿ ಹುಡುಕಾಟಕ್ಕೂ ಎಲ್ಲ ದಾಖಲೆ ಮುಟ್ಟಬೇಕು, ಯಾಕೆಂದರೆ ಮುಟ್ಟದೆ ಬಿಟ್ಟದ್ದೇ ಒಂದು ಸುಳಿವು. ಆಪಲ್‌ನವರು ಐಓಎಸ್ 18ರಲ್ಲಿ ಕರೆ ಮಾಡಿದವರು ಯಾರು ಎಂದು ಹುಡುಕುವಂಥ ಸಣ್ಣ ಕೆಲಸಕ್ಕೆ ಬಳಸಿದ್ದಾರೆ. ನೀವು ಇದರ ಹಿಂದೆ ಹೋಗಬೇಡಿ, ಈಗ ಬೇಡ.

ಕಾಯಿಲೆ, ಎಚ್‌ಐವಿ, ಮಾನಸಿಕ ಆರೋಗ್ಯ, ಗರ್ಭಪಾತ ಇಂಥ ಯಾವ ಕಾಲಂಗೂ ಸರ್ವರ್‌ನಲ್ಲಿ ಹುಡುಕಾಟವೇ ಇರಬಾರದು. ಪ್ರತಿ ಸಲ ಬೇರೆ ಕೋಡ್ ಬರುವ ಸಾಮಾನ್ಯ ಎನ್‌ಕ್ರಿಪ್ಷನ್ ಹಾಕಿ. ಕೋಡ್‌ನ ಉದ್ದವೂ ಒಂದೇ ಇರುವಂತೆ ನೋಡಿಕೊಳ್ಳಿ, "ಡೆಂಗಿ", "ಮಂಗನ ಕಾಯಿಲೆ" ಅಳತೆ ಬೇರೆಯಾದರೆ ಅದೂ ಸುಳಿವೇ. ರೋಗಿಯನ್ನು ನೋಂದಣಿ ಸಂಖ್ಯೆಯಿಂದ ಹುಡುಕಿ, ದಾಖಲೆ ತೆರೆದ ಮೇಲೆ ಕ್ಲಿನಿಕ್‌ನಲ್ಲಿ ಕಾಣಲಿ. ಆರೋಗ್ಯ ಇಲಾಖೆಗೆ ತಿಂಗಳ ವರದಿ ಬೇಕಾದರೆ ಎಲ್ಲ ದಾಖಲೆ ಇಳಿಸಿಕೊಂಡು ಕ್ಲಿನಿಕ್‌ನಲ್ಲೇ ಎಣಿಸಿ. ರಾತ್ರಿ ಓಡಲು ಬಿಟ್ಟರೆ ಬೆಳಿಗ್ಗೆಗೆ ಮುಗಿದಿರುತ್ತದೆ. ನಡುನಡುವೆ ಸುಳ್ಳು ಹುಡುಕಾಟ ಸೇರಿಸಿ ಗೊಂದಲ ಮಾಡೋಣ ಅಂತ ನಿಮ್ಮ ಗೆಳೆಯರು ಹೇಳಬಹುದು. ಎಲ್ಲ ಪದಕ್ಕೂ ಸಮವಾಗಿ ಸೇರಿಸಿದ ಗದ್ದಲದ ಮೇಲೆ ಮಳೆಗಾಲದ ಏರು ಹಾಗೆಯೇ ಎದ್ದು ಕಾಣುತ್ತದೆ.

ಇದನ್ನೆಲ್ಲ ಬದಲಾಯಿಸುವಾಗ ಒಂದು ಎಚ್ಚರಿಕೆ. ಹಳೆಯ ಟೋಕನ್ ಕಾಲಂಗಳನ್ನು ಟೇಬಲ್‌ನಿಂದ ಅಳಿಸಿದರೆ ಸಾಲದು. ಹಳೆಯ ಬ್ಯಾಕಪ್‌ಗಳಲ್ಲಿ, ಬಿನ್‌ಲಾಗ್‌ನಲ್ಲಿ, ಟೆಸ್ಟಿಂಗಿಗೆಂದು ಮಾಡಿಕೊಂಡ ಪ್ರತಿಯಲ್ಲಿ, ನಿಮ್ಮ ಹುಡುಗರ ಲ್ಯಾಪ್‌ಟಾಪಿನ ಡಂಪ್ ಫೈಲಿನಲ್ಲಿ ಆ ಫೋನ್ ಹ್ಯಾಶ್, ಆ ಎರಡೇ ಕೋಡಿನ ಕಾಲಂ ಇದ್ದೇ ಇರುತ್ತವೆ. ಮೊದಲು ಎಲ್ಲೆಲ್ಲಿವೆ ಎಂದು ಪಟ್ಟಿ ಮಾಡಿ. ಹೊಸ ವ್ಯವಸ್ಥೆ ಸರಿಯಾಗಿ ನಡೆಯುತ್ತಿದೆ ಎಂದು ಖಾತ್ರಿಯಾಗಿ, ಹೊಸ ಬ್ಯಾಕಪ್‌ನಿಂದ ಒಮ್ಮೆ ಡೇಟಾ ವಾಪಸ್ ತಂದು ನೋಡಿ, ಆಮೇಲೆ ಹಳೆಯವನ್ನು ಅಳಿಸಿ. ಕಾನೂನಿನ ಪ್ರಕಾರ ಹಳೆಯ ದಾಖಲೆ ಇಟ್ಟುಕೊಳ್ಳಲೇಬೇಕಾದ ಕ್ಲಿನಿಕ್ ಇದ್ದರೆ, ಆ ಬ್ಯಾಕಪ್ಪನ್ನು ಹೊಸ ಕೀ ಹಾಕಿ ಪೂರ್ತಿ ಒಂದೇ ಗಂಟಾಗಿ ಮತ್ತೆ ಎನ್‌ಕ್ರಿಪ್ಟ್ ಮಾಡಿ, ಆ ಸರ್ವರ್‌ನಿಂದ ಹೊರಗೆ ಇಡಿ.